ಹೊರದೇಶದ ಉತ್ಸವದಲ್ಲಿ ರೊಮೇನಿಯಾದ ಜನಪದ ಕಸುಬು, ಸಂಗೀತ: ಮಳಿಗೆ ಮತ್ತು ವೇದಿಕೆಗೆ ಏನೇನು ಬೇಕು?

ಮಳಿಗೆಹೊಣೆ

ಜೂನ್ ಕೊನೆಯ ಶನಿವಾರ ಜರ್ಮನಿಯ ಒಂದು ಊರಿನಲ್ಲಿ ಬಹುಸಂಸ್ಕೃತಿ ಉತ್ಸವ. ಕನ್ನಡ ಕೂಟದ ಮಳಿಗೆಯ ಪಕ್ಕದಲ್ಲೇ ರೊಮೇನಿಯಾದವರದು. ಎರಡೂ ಕಡೆಯ ಸ್ವಯಂಸೇವಕರು ಸೇರಿ ಕೆಲಸ ಮಾಡುವುದೆಂದು ತೀರ್ಮಾನವಾಗಿದೆ, ಹಾಗಾಗಿ ಅವರ ಮಳಿಗೆಯ ತಯಾರಿಯೂ ನಮ್ಮ ಪಾಲಿಗಿದೆ. ಇರುವ ಜಾಗ 3 × 6 ಮೀಟರ್ ಡೇರೆ, 16 ಆಂಪಿಯರಿನ ಒಂದೇ ಒಂದು ಪ್ಲಗ್, ವೇದಿಕೆಯಲ್ಲಿ 25 ನಿಮಿಷ. ಈಗಿನ ಪಟ್ಟಿ: ಕಸೂತಿಯ ಇಯೆ ಕುಪ್ಪಸ, ಹೊರೆಝು ಊರಿನ ಮಣ್ಣಿನ ತಟ್ಟೆಗಳು, ಮೇಣದಲ್ಲಿ ಗೆರೆ ಬರೆದು ಬಣ್ಣ ಹಾಕುವ ಮೊಟ್ಟೆ, ಮರ್ತ್ಸಿಶೋರ್ ಎಂಬ ಕೆಂಪು–ಬಿಳಿ ಹುರಿ, ಗಾಜಿನ ಮೇಲಿನ ದೇವರ ಚಿತ್ರ, ನಾಯ್ (ಸಾಲು ಕೊಳವೆಗಳ ಊದುವಾದ್ಯ), ತ್ಸಂಬಾಲ್ (ಕೋಲಿನಿಂದ ಬಡಿದು ನುಡಿಸುವ ತಂತಿವಾದ್ಯ), ಕೊನೆಗೆ ಎಲ್ಲರೂ ಕೈ ಹಿಡಿದು ವೃತ್ತವಾಗಿ ಹೋರಾ ಕುಣಿತ. ಇವುಗಳಲ್ಲಿ ಏನು ಉಳಿಸಬೇಕು, ಏನು ಬಿಡಬೇಕು? ಜನ ಕೈಯಿಟ್ಟು ಮಾಡುವಂಥದ್ದಕ್ಕೆ ಎಷ್ಟು ಸಾಮಾನು ಬೇಕು? ಬಲ್ಲವರು ತಿಳಿಸಿ.

ಸೂಜಿಮೊನೆ

ಪಟ್ಟಿಯಲ್ಲಿ ಅರ್ಧ ಕಡಿಮೆ ಮಾಡಿ, ಮೇಡಂ. ಎಂಟು ಬಗೆ ಇಟ್ಟರೆ ಎಂಟೂ ಅಂಗಡಿಯ ಸರಕಿನಂತೆ ಕಾಣುತ್ತವೆ. ಎರಡು ಕಸುಬು ನಡೆಯುತ್ತಿರಲಿ, ಒಂದು ನೋಡಲಿಕ್ಕೆ ಇರಲಿ, ಅಷ್ಟು ಸಾಕು. ನಡೆಯುವ ಎರಡರಲ್ಲಿ ಇಯೆ ಇರಲೇಬೇಕು, ಕಾರಣ ದಿನಾಂಕ. ಜೂನ್ 24 ರೊಮೇನಿಯಾದಲ್ಲಿ ಸಿನ್‌ಜಿಯೆನೆ ಹಬ್ಬ. 2013ರಿಂದ ಅದೇ ದಿನವನ್ನು ಇಯೆ ದಿನವೆಂದೂ ಆಚರಿಸುತ್ತಾರೆ. ನಿಮ್ಮ ಶನಿವಾರ ಅದರ ಆಸುಪಾಸಿನಲ್ಲೇ ಬರುತ್ತದೆ.

ಇಯೆಯನ್ನು ಬರೀ ತೂಗುಹಾಕಬೇಡಿ. ಒಂದನ್ನು ಮೇಜಿನ ಮೇಲೆ ಹರಡಿ ತೋಳಿನ ಮೂರು ಭಾಗ ತೋರಿಸಿ. ಭುಜದ ಮೇಲಿನ ದಟ್ಟ ಕಸೂತಿಯ ಪಟ್ಟಿ ಅಲ್ತಿತ್ಸ. ಅದರ ಕೆಳಗೆ ಹೆಚ್ಚಾಗಿ ಒಂದೇ ಬಣ್ಣದ ಇಂಕ್ರೆತ್ಸ್ ಎಂಬ ಕಿರಿದಾದ ಪಟ್ಟಿ. ಅಲ್ಲಿಂದ ಕೈತುದಿಯವರೆಗೆ ಇಳಿಯುವ ಸಾಲುಗಳು ರಿಉರ್, ಅಂದರೆ ಹೊಳೆಗಳು. ಬಟ್ಟೆಯ ತುಂಡುಗಳೆಲ್ಲ ನೇರ ಅಂಚಿನ ಆಯತಗಳು, ದುಂಡಗೆ ಕತ್ತರಿಸಿದ ಒಂದು ತುಂಡೂ ಇರುವುದಿಲ್ಲ. ಮಗ್ಗದಿಂದ ಬಂದ ಬಟ್ಟೆ ಚೂರೂ ವ್ಯರ್ಥವಾಗದಂತೆ ಹೊಲಿದು, ಕೊರಳಿನ ಹತ್ತಿರ ನಿರಿಗೆ ಹಿಡಿದು ಕಟ್ಟುತ್ತಾರೆ. ಇಷ್ಟು ತೋರಿಸಿದರೆ ನೋಡಿದವರಿಗೆ ಕೈಕೆಲಸಕ್ಕೂ ಕಾರ್ಖಾನೆಯ ಮಾಲಿಗೂ ಇರುವ ವ್ಯತ್ಯಾಸ ತಾವಾಗಿಯೇ ತಿಳಿಯುತ್ತದೆ. ಯಂತ್ರದ್ದಾದರೆ ಹಿಂಬದಿಯಲ್ಲಿ ಕೆಳದಾರದ ಬಿಳಿ ಸಾಲು ಒಂದೇ ಸಮನೆ ಓಡಿರುತ್ತದೆ, ತೋಳು ದುಂಡಗೆ ಕತ್ತರಿಸಿ ಜೋಡಿಸಿದ್ದಾಗಿರುತ್ತದೆ.

ಜನರ ಕೈಗೆ ಕೊಡಲು: ಸೆಂಟಿಮೀಟರಿಗೆ 10ರಿಂದ 11 ಎಳೆ ಇರುವ, ಉದ್ದ ಅಡ್ಡ ಎರಡೂ ಕಡೆ ಎಳೆ ಸಮವಾಗಿರುವ ಬಟ್ಟೆ. 12 × 12 ಸೆಂ.ಮೀ. ತುಂಡು ಒಬ್ಬರಿಗೆ ಒಂದು. 24ನೇ ನಂಬರಿನ ಮೊಂಡು ಮೊನೆಯ ಸೂಜಿ. ಆರೆಳೆಯ ಕಸೂತಿ ದಾರದಲ್ಲಿ ಎರಡೆಳೆ ಬಿಡಿಸಿಕೊಂಡು, 45 ಸೆಂ.ಮೀ.ಗಿಂತ ಉದ್ದ ಬೇಡ. ಉದ್ದ ಮಾಡಿದರೆ ಬಟ್ಟೆಯೊಳಗೆ ಹೋಗಿ ಬಂದು ದಾರ ಜೂಲು ಏಳುತ್ತದೆ, ಕೂತವರು ಗಂಟು ಬಿಡಿಸುವುದರಲ್ಲೇ ಸಮಯ ಕಳೆಯುತ್ತಾರೆ. 20 ನಿಮಿಷದಲ್ಲಿ ಹೊಸಬರು ಮುಗಿಸುವುದು 3 ಸೆಂ.ಮೀ.ಯ ಒಂದು ನಕ್ಷತ್ರ, ಅದಕ್ಕಿಂತ ದೊಡ್ಡದನ್ನು ಕೊಡಬೇಡಿ.

ಧಾರವಾಡದ ಕಡೆಯ ಕಸೂತಿ ಬಲ್ಲವರು ನಿಮ್ಮ ಕೂಟದಲ್ಲಿದ್ದರೆ ಅವರನ್ನೇ ಕೂರಿಸಿ. ಬಟ್ಟೆಯ ಮೇಲೆ ಗೆರೆ ಬರೆಯದೆ ಎಳೆ ಎಣಿಸಿ ಹೊಲಿಯುವುದು ಎರಡು ಕಡೆಯೂ ಒಂದೇ. ಕಸೂತಿಯ ಮೆಂತೆ ಹೊಲಿಗೆ ಬಂದವರಿಗೆ ಇಲ್ಲಿನ ಅಡ್ಡ ಹೊಲಿಗೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಸೂತಿಯ ಗವಂತಿ ಹೊಲಿಗೆಯಂತೆ ಎರಡೂ ಮುಖ ಒಂದೇ ಆಗಿರಬೇಕೆಂಬ ನಿಯಮ ಇಯೆಗೆ ಇಲ್ಲ. ಆದರೆ ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹಿಂದಿನ ಹೊಲಿಗೆಗಳ ಅಡಿಗೆ ತೂರಿಸಿ ಬಿಡುತ್ತಾರೆ.

ಬಣ್ಣದಮೊಟ್ಟೆ

ಮೊಟ್ಟೆಯ ಬಗ್ಗೆ. ಇದು ಈಸ್ಟರ್ ಕಾಲದ್ದು. ಜೂನಿನಲ್ಲಿ ಮಾಡಿದರೆ ತಪ್ಪೇನಿಲ್ಲ, ಆದರೆ ಫಲಕದಲ್ಲಿ ಕಾಲ ಬರೆಯಿರಿ. ರೊಮೇನಿಯಾದ ಉತ್ತರದ ಬುಕೊವಿನಾ ಸೀಮೆಯಲ್ಲಿ, ಸುಚಾವ ಜಿಲ್ಲೆಯ ಚೊಕನೆಶ್ತ್‌ನಂಥ ಹಳ್ಳಿಗಳಲ್ಲಿ, ಇದನ್ನು ಬರೆಯಲು ಬಳಸುವುದು ಕಿಶಿತ್ಸ. ಮರದ ಕಡ್ಡಿಯ ತುದಿಗೆ ಸಿಕ್ಕಿಸಿದ ಸಣ್ಣ ಲೋಹದ ನಳಿಗೆ, ಅಷ್ಟೇ. ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕರಗುವ ಮಟ್ಟದಲ್ಲೇ ಇಟ್ಟರೆ ನಳಿಗೆಯಲ್ಲಿ ಹೆಪ್ಪುಗಟ್ಟಿ ಗೆರೆ ತುಂಡಾಗುತ್ತದೆ. ತುಂಬಾ ಬಿಸಿಯಾದರೆ ಮೊಟ್ಟೆ ಮುಟ್ಟಿದ ಕೂಡಲೇ ಹನಿ ಹರಡಿಬಿಡುತ್ತದೆ. ಒಂದು ಗೆರೆಯನ್ನು ಬೇರೆ ಚಿಪ್ಪಿನ ಮೇಲೆ ಎಳೆದು ನೋಡಿ, ಆಮೇಲೆ ಕೂತವರ ಕೈಗೆ ಕೊಡಿ.

ಡೇರೆಯೊಳಗೆ ಮೇಣದಬತ್ತಿಗೆ ಅನುಮತಿ ಸಿಗುವುದು ಕಷ್ಟ. ಮೇಣ ಕರಗಿಸುವ ಸಣ್ಣ ವಿದ್ಯುತ್ ಪಾತ್ರೆ ತನ್ನಿ. ನಿಮ್ಮ ಪ್ಲಗ್ಗಿಗೆ ಅದು ಭಾರವಲ್ಲ, ಆದರೆ ಅದೇ ಸಾಲಿಗೆ ಚಹಾದ ಕೆಟಲ್ ಸೇರಿಸಬೇಡಿ.

ಪೂರ್ತಿ ಕ್ರಮ ಹೀಗಿದೆ. ಬಿಳಿ ಚಿಪ್ಪಿನ ಮೇಲೆ ಬಿಳಿಯಾಗಿಯೇ ಉಳಿಯಬೇಕಾದ ಗೆರೆಗೆ ಮೇಣ, ಆಮೇಲೆ ಹಳದಿ ಬಣ್ಣದಲ್ಲಿ ಅದ್ದುವುದು. ಹಳದಿಯಾಗಿ ಉಳಿಯಬೇಕಾದ ಕಡೆ ಮೇಣ, ಕೆಂಪಿನಲ್ಲಿ ಅದ್ದುವುದು. ಕೆಂಪು ಉಳಿಯಬೇಕಾದ ಕಡೆ ಮೇಣ, ಕೊನೆಗೆ ಕಪ್ಪು. ನಂತರ ಬಿಸಿಗೆ ಹಿಡಿದು ಮೆತ್ತನೆಯ ಬಟ್ಟೆಯಿಂದ ಮೇಣ ಒರೆಸಿದರೆ ಎಲ್ಲ ಬಣ್ಣಗಳೂ ಒಟ್ಟಿಗೆ ಎದ್ದು ಬರುತ್ತವೆ. ಇದು ಗಂಟೆಗಟ್ಟಲೆಯ ಕೆಲಸ. ಉತ್ಸವಕ್ಕೆ ಬಂದವರಿಗೆ ಬಿಳಿ–ಕೆಂಪು ಎರಡೇ ಸಾಕು, 25 ನಿಮಿಷದಲ್ಲಿ ಮುಗಿಯುತ್ತದೆ.

ಎಲ್ಲಿ ಕೆಡುತ್ತದೆ: ಬಣ್ಣ ಬೆಚ್ಚಗಿದ್ದರೆ ಬರೆದ ಮೇಣವೇ ಕರಗಿ ಹೋಗುತ್ತದೆ, ಆದ್ದರಿಂದ ಹಿಂದಿನ ದಿನವೇ ಕುದಿಸಿ ಆರಿಸಿ ಜಾಡಿಗೆ ತುಂಬಿ. ಕೈಯ ಜಿಡ್ಡು ತಗುಲಿದ ಕಡೆ ಬಣ್ಣ ಹಿಡಿಯುವುದಿಲ್ಲ, ಮೊಟ್ಟೆಯನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ಒರೆಸಿ ಒಣಗಿಸಿ ಇಡಿ. ಒಳಗಿನದನ್ನು ಊದಿ ತೆಗೆದ ಮೊಟ್ಟೆ ಬಣ್ಣದಲ್ಲಿ ತೇಲುತ್ತದೆ, ಚಮಚದಿಂದ ಒತ್ತಿ ಹಿಡಿಯಬೇಕು. ತೂತುಗಳನ್ನು ಮೇಣದಿಂದ ಮುಚ್ಚದಿದ್ದರೆ ಬಣ್ಣ ಒಳಗೆ ಸೇರಿ, ಒಣಗಿತು ಅಂದುಕೊಂಡು ಕೈಗೆತ್ತಿಕೊಂಡವರ ಬಟ್ಟೆಯ ಮೇಲೆ ಸೋರುತ್ತದೆ. ಮೂರರಲ್ಲಿ ಒಂದು ಒಡೆಯುತ್ತದೆಂದು ಲೆಕ್ಕ ಹಾಕಿ: 40 ಜನರಿಗೆ 60 ಮೊಟ್ಟೆ.

ಮಳಿಗೆಹೊಣೆ

ಇಬ್ಬರಿಗೂ ಧನ್ಯವಾದ. ಮಕ್ಕಳಿಗೆ ಮೇಣ ಬೇಡವೆನಿಸುತ್ತದೆ. ಅವರಿಗೆ ಮರ್ತ್ಸಿಶೋರ್ ಹುರಿ ಸರಿಹೋಗುತ್ತದೆಯೇ? ಅದೂ ಕಾಲ ಮೀರಿದ್ದಲ್ಲವೇ?

ಹುರಿದಾರ

ಕಾಲ ಮೀರಿದ್ದೇ. ಅದು ಮಾರ್ಚ್ 1ರದು. ಕೆಂಪು–ಬಿಳಿ ಹುರಿಯನ್ನು ಅಂದು ಕಟ್ಟಿಕೊಂಡು, ಕೆಲವು ಕಡೆ ತಿಂಗಳ ಕೊನೆಗೆ, ಕೆಲವು ಕಡೆ ಮರ ಹೂಬಿಟ್ಟಾಗ, ಬಿಚ್ಚಿ ಕೊಂಬೆಗೆ ಕಟ್ಟುತ್ತಾರೆ. ಮಕ್ಕಳ ಮೇಜಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲವಾದ್ದರಿಂದ ನಾನಾದರೆ ಇಡುತ್ತೇನೆ, ಮಾರ್ಚ್ 1ರ ಹುರಿ ಎಂದು ದೊಡ್ಡದಾಗಿ ಬರೆದು.

ಕ್ರಮ: ನಾಲ್ಕೆಳೆಯ ಹತ್ತಿ ದಾರ. 30 ಸೆಂ.ಮೀ. ಕೆಂಪು, 30 ಸೆಂ.ಮೀ. ಬಿಳಿ, ತುದಿಗೆ ತುದಿ ಗಂಟು ಹಾಕಿ 60 ಸೆಂ.ಮೀ.ಯ ಒಂದೇ ದಾರ ಮಾಡಿ. ಇಬ್ಬರು ಮಕ್ಕಳು ಎರಡು ತುದಿ ಬಿಗಿಯಾಗಿ ಹಿಡಿಯಲಿ. ಒಬ್ಬರು ಅಲುಗದೆ ಹಿಡಿದಿರಲಿ, ಇನ್ನೊಬ್ಬರು ಒಂದೇ ದಿಕ್ಕಿಗೆ ಹೊಸೆಯಲಿ. ಸ್ವಲ್ಪ ಸಡಿಲ ಬಿಟ್ಟರೆ ದಾರ ತಾನಾಗಿ ಸುರುಳಿಗಟ್ಟುವ ಹದ ಬಂದಾಗ ದೊಡ್ಡವರೊಬ್ಬರು ನಡುವಿನ ಗಂಟನ್ನು ಹಿಡಿಯಬೇಕು, ಎರಡು ತುದಿಗಳನ್ನು ಒಂದುಗೂಡಿಸಬೇಕು, ಆಮೇಲೆ ಗಂಟಿನ ಕಡೆಯಿಂದ ಮೆಲ್ಲಗೆ ಬಿಡುತ್ತಾ ಬರಬೇಕು. ಕೆಂಪು ಬಿಳಿ ಒಂದರ ಮೇಲೊಂದು ಸುತ್ತಿಕೊಳ್ಳುತ್ತವೆ. ಸುಮಾರು 25 ಸೆಂ.ಮೀ. ಹುರಿ ಸಿಗುತ್ತದೆ, ಮಗುವಿನ ಮಣಿಕಟ್ಟಿಗೆ ಧಾರಾಳ.

ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಕೆಂಪು ಬಿಳಿಯನ್ನು ಅಕ್ಕಪಕ್ಕ ಇಟ್ಟು ಹೊಸೆದು ಮಡಚಿದರೆ ಪಟ್ಟೆ ಚೊಕ್ಕವಾಗಿ ಬಾರದೆ ಚುಕ್ಕೆಚುಕ್ಕೆಯಾಗುತ್ತದೆ. ಮಡಚುವ ಮೊದಲೇ ಒಂದು ತುದಿ ಕೈಜಾರಿದರೆ ಎಲ್ಲ ಸಿಕ್ಕು. ಅದನ್ನು ಬಿಡಿಸಲು ಹೋಗದೆ ಹೊಸ ದಾರ ಕೊಡಿ. 100 ಮಕ್ಕಳಿಗೆ ಪ್ರತಿ ಬಣ್ಣ 30 ಮೀಟರ್, ಕಳೆಯುವುದಕ್ಕೆ ಇನ್ನೊಂದು 10.

ಒಂದು ಮುಖ್ಯ ಮಾತು. ಮಾರ್ಚ್ 1ರ ಈ ಪದ್ಧತಿಯನ್ನು 2017ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ, ಮಾಲ್ಡೋವಾ, ರೊಮೇನಿಯಾ ನಾಲ್ಕರ ಹೆಸರಿನಲ್ಲೂ. ಉತ್ಸವದಲ್ಲಿ ಬಲ್ಗೇರಿಯಾದವರ ಮಳಿಗೆ ಇದ್ದರೆ ಈ ಮೇಜನ್ನು ಅವರ ಜೊತೆ ಸೇರಿ ಇಡಿ. ರೊಮೇನಿಯಾದ್ದು ಮಾತ್ರ ಎಂದು ಬರೆದರೆ ನೆರೆಯವರಿಗೆ ನೋವಾಗುತ್ತದೆ, ಮಾತೂ ನಿಜವಲ್ಲ.

ಸೂಜಿಮೊನೆ

ಹುರಿಗೆ ಒಪ್ಪಿದೆ. ಆದರೆ ಜೂನಿನದ್ದೇ ಬೇಕೆಂದರೆ ಸಿನ್‌ಜಿಯೆನೆ ಹೂವಿನ ದಂಡೆ ಇದೆಯಲ್ಲ. ಸಿನ್‌ಜಿಯೆನೆ ಅನ್ನುವುದು ಹಬ್ಬದ ಹೆಸರೂ ಹೌದು, ಹಳದಿ ಬಣ್ಣದ ಒಂದು ಸಣ್ಣ ಕಾಡುಹೂವಿನ ಹೆಸರೂ ಹೌದು. ಹೆಣ್ಣುಮಕ್ಕಳು ದಂಡೆ ಕಟ್ಟಿ ತಲೆಗೆ ಮುಡಿಯುತ್ತಾರೆ, ಮನೆಯ ಮಾಡಿನ ಮೇಲೂ ಎಸೆಯುತ್ತಾರೆ. ಹಳದಿ ಕಾಡುಹೂ, ಹುಲ್ಲುಕಡ್ಡಿ, ನಾರಿನ ದಾರ ಇದ್ದರೆ ಕೆಲಸ ನಡೆಯುತ್ತದೆ. ಬಾಳೆನಾರಿನಲ್ಲಿ ಹೂ ಕಟ್ಟಿದ ಕೈಗೆ ಇದು ಸಲೀಸು. ಹೂವನ್ನು ಆ ದಿನ ಬೆಳಿಗ್ಗೆಯೇ ಕೊಯ್ಯಬೇಕು, ಹಿಂದಿನ ದಿನದ್ದು ಮಧ್ಯಾಹ್ನಕ್ಕೆ ಉದುರುತ್ತದೆ. ರಕ್ಷಿತ ಹುಲ್ಲುಗಾವಲಿನಿಂದ ಕೀಳಬೇಡಿ.

ಮಣ್ಣುಚಕ್ರ

ಹೊರೆಝು ತಟ್ಟೆಗಳನ್ನು ಬರೀ ಜೋಡಿಸಿಟ್ಟರೆ ಆ ಕಸುಬಿಗೆ ನ್ಯಾಯ ಸಿಗುವುದಿಲ್ಲ. ವಿಲ್ಚ ಜಿಲ್ಲೆಯ ಈ ಊರಿನ ಕುಂಬಾರಿಕೆ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಬಂತು. ಅಲ್ಲಿ ವಾಡಿಕೆಯಂತೆ ಮಣ್ಣು ತಂದು ಚಕ್ರದ ಮೇಲೆ ಎತ್ತುವುದು ಗಂಡಸರ ಕೆಲಸ, ಬಣ್ಣದ ಕೆಲಸ ಹೆಂಗಸರದು. ನೋಡಬೇಕಾದದ್ದು ಈ ಬಣ್ಣದ ಕೆಲಸ, ಅದನ್ನು ಮೇಜಿನ ಮೇಲೆಯೇ ತೋರಿಸಬಹುದು. ಸುಡುವುದು ಉತ್ಸವದಲ್ಲಿ ಆಗದ ಮಾತು.

ಬೇಕಾದ ಸಲಕರಣೆ ಎರಡು. ತುದಿಗೆ ಹೆಬ್ಬಾತಿನ ಗರಿಯ ಕೊಳವೆ ಸಿಕ್ಕಿಸಿದ ಎತ್ತಿನ ಕೊಂಬು, ಅದರಿಂದ ತೆಳುಮಣ್ಣಿನ ಬಣ್ಣ ಸುರಿಯುತ್ತಾರೆ. ಇನ್ನೊಂದು ಗಾಯಿತ್ಸ, ತುದಿಯಲ್ಲಿ ಸಣ್ಣ ತಂತಿ ಇರುವ ಕಡ್ಡಿ. ಒದ್ದೆ ಬಣ್ಣದ ಸಾಲುಗಳ ಮೇಲೆ ಇದನ್ನು ಅಡ್ಡ ಎಳೆದಾಗ ಗೆರೆಗಳು ಜೇಡರ ಬಲೆಯಂತೆ ಜಗ್ಗಿ ನಿಲ್ಲುತ್ತವೆ. ಹೊರೆಝುವಿನ ಕೋಳಿಹುಂಜ, ಸುರುಳಿ, ನಕ್ಷತ್ರ ಎಲ್ಲಕ್ಕೂ ಇವೇ ಸಾಧನ. ಕೊಂಬು ಸಿಗದಿದ್ದರೆ ಕಲಿಯುವವರ ಕೈಗೆ ರಬ್ಬರಿನ ಬುರುಡೆಯಿರುವ ಪಿಚಕಾರಿ ಕೊಡಿ, ಆದರೆ ತೋರಿಸುವವರ ಕೈಯಲ್ಲಿ ಕೊಂಬೇ ಇರಲಿ.

ಹಸಿ ತಟ್ಟೆ ದೂರದಿಂದ ತರಲಾಗದು. ಊರಿನಲ್ಲೇ ಇರುವ ಕುಂಬಾರರಿಗೆ ಹೇಳಿ ಎರಡು ದಿನ ಮೊದಲು 15 ಸೆಂ.ಮೀ. ಅಗಲದ ಕೆಂಪು ಮಣ್ಣಿನ ತಟ್ಟೆಗಳನ್ನು ಮಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಬೆರಳೊತ್ತಿದರೆ ಗುರುತು ಬೀಳಬಾರದು, ಮುಟ್ಟಿದರೆ ತಣ್ಣಗಿರಬೇಕು. ತೆಳುಮಣ್ಣಿನ ಹದ ದೋಸೆ ಹಿಟ್ಟಿಗಿಂತ ನೀರು, ಮಜ್ಜಿಗೆಗಿಂತ ಗಟ್ಟಿ. ಗಟ್ಟಿಯಾದರೆ ಗಾಯಿತ್ಸ ಎಳೆದಾಗ ಗೆರೆ ಹರಿದುಹೋಗುತ್ತದೆ, ನೀರಾದರೆ ಬಣ್ಣಗಳು ಒಂದರೊಳಗೊಂದು ಕಲಸುತ್ತವೆ. ಬಿಸಿಲು–ಗಾಳಿಯಲ್ಲಿ ಒಂದೆರಡು ನಿಮಿಷದಲ್ಲೇ ಮೇಲೆ ಪೊರೆ ಕಟ್ಟುತ್ತದೆ. ಅದಕ್ಕೇ ಈ ಮೇಜನ್ನು ಡೇರೆಯ ಒಳಮೂಲೆಯಲ್ಲಿ ಹಾಕಿ.

ಮಾರುವ ತಟ್ಟೆಗಳಿದ್ದರೆ, ಊಟಕ್ಕೆ ಬಳಸಬಹುದೇ ಎಂದು ಕೇಳಿಯೇ ಕೇಳುತ್ತಾರೆ. ಹಳೆಯ ಪದ್ಧತಿಯ ಮೆರುಗಿನಲ್ಲಿ ಸೀಸ ಇರುತ್ತಿತ್ತು. ಮಾಡಿದವರಿಂದ ಬರಹದಲ್ಲಿ ಖಾತರಿ ಇರುವುದಕ್ಕೆ ಮಾತ್ರ ಊಟಕ್ಕೆ ಎಂದು ಚೀಟಿ ಹಚ್ಚಿ, ಉಳಿದವಕ್ಕೆ ಗೋಡೆಗೆ ಎಂದು. ಮಾರ್ಜಿನ್ಯ ಎಂಬ ಊರಿನ ಕಪ್ಪು ಮಡಕೆ ತಂದರೆ ಅದಕ್ಕೆ ಮೆರುಗೇ ಇಲ್ಲ. ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟು, ಗಾಳಿ ಆಡದಂತೆ ಸುಡುವ ಗೂಡನ್ನು ಮುಚ್ಚಿ ಹೊಗೆಯಲ್ಲಿ ಸುಟ್ಟದ್ದರಿಂದ ಆ ಕಪ್ಪು. ನೀರು ತುಂಬಿಟ್ಟರೆ ಜಿನುಗುತ್ತದೆ. ಹೂದಾನಿಯೆಂದು ಕೊಂಡುಹೋದವರಿಗೆ ಇದನ್ನು ಮೊದಲೇ ಹೇಳಬೇಕು.

ಸಾಗಿಸುವಾಗ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಅಂಚಿನ ಮೇಲೆ ನಿಲ್ಲಿಸಿ, ನಡುವೆ ಕಾಗದದ ಮಡಿಕೆ, ಸುತ್ತ 5 ಸೆಂ.ಮೀ. ಮೆತ್ತೆ, ಆ ಪೆಟ್ಟಿಗೆ ಇನ್ನೊಂದು ಪೆಟ್ಟಿಗೆಯೊಳಗೆ.

ಗೆರೆಬಣ್ಣ

ಗಾಜಿನ ಚಿತ್ರವನ್ನು ಈ ಸಲ ಬಿಡಿ. ನಿಕುಲ ಎಂಬ ಊರಿನ ಪದ್ಧತಿಯಲ್ಲಿ ಗಾಜಿನ ಹಿಂಬದಿಗೆ ಬರೆಯುತ್ತಾರೆ. ಮೊದಲು ಕಪ್ಪು ಗೆರೆ, ಆಮೇಲೆ ಸಣ್ಣ ವಿವರ, ಕೊನೆಗೆ ದೊಡ್ಡ ಬಣ್ಣ. ಕ್ರಮ ಪೂರ್ತಿ ತಲೆಕೆಳಗು. ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಒಂದು ಹಂತ ಒಣಗದೆ ಮುಂದಿನದಕ್ಕೆ ಹೋಗುವಂತಿಲ್ಲ, ಗಾಜಿನ ಅಂಚು ಮಕ್ಕಳ ಕೈ ಕೊಯ್ಯುತ್ತದೆ. ಮುಗಿದ ಒಂದು ಚಿತ್ರವನ್ನು ಎರಡೂ ಬದಿ ಕಾಣುವಂತೆ ನಿಲ್ಲಿಸಿ, ಸಾಕು.

ಏಳುಮಾತ್ರೆ

ವೇದಿಕೆಯ ವಿಷಯಕ್ಕೆ ಬರೋಣ. 25 ನಿಮಿಷದಲ್ಲಿ 5 ನಿಮಿಷ ಮೈಕ್ ಹೊಂದಿಸಲು ಹೋಗುತ್ತದೆ, ಉಳಿದದ್ದು 20. ನನ್ನ ಸಲಹೆ: ಒಂದು ಚುರುಕಾದ ಸಿರ್ಬಾ ಕುಣಿತ 3 ನಿಮಿಷ, ದೊಯ್ನಾ ಹಾಡು 4, ಜಂಪರಾ ಕುಣಿತ 3, ಉಳಿದ 10 ಪೂರ್ತಿ ಹೋರಾಕ್ಕೆ. ದೊಯ್ನಾವನ್ನು ಮೊದಲಿಗೆ ಇಡಬೇಡಿ. ಅದಕ್ಕೆ ತಾಳದ ಕಟ್ಟಿಲ್ಲ, ಹಾಡುವವರ ಉಸಿರಿಗೆ ತಕ್ಕಂತೆ ಎಳೆದು ನಿಲ್ಲಿಸಿ ಹಾಡುವಂಥದ್ದು. 2009ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬಯಲಿನಲ್ಲಿ ಜನ ಇನ್ನೂ ಕೂರುತ್ತಿರುವಾಗ ಶುರುಮಾಡಿದರೆ ಗಲಾಟೆಯಲ್ಲಿ ಕರಗಿಹೋಗುತ್ತದೆ. ಸಿರ್ಬಾ ಜನರನ್ನು ಹತ್ತಿರ ತರುತ್ತದೆ, ಆಮೇಲೆ ಮೌನ ಸಿಗುತ್ತದೆ.

ಜಂಪರಾಕ್ಕೆ ಚಪ್ಪಾಳೆ ಹಾಕಲು ಕನ್ನಡ ಕೂಟದವರೂ ಸೇರುವುದಾದರೆ ಎಚ್ಚರ. ಏಳು ಮಾತ್ರೆ ಹೌದು, ಮಿಶ್ರಚಾಪು ಅಲ್ಲ. ನಮಗೆ ಕಲಿಸಿದ್ದು 3+2+2, ‘ತಕಿಟ ತಕ ತಕ’. ಜಂಪರಾ 2+2+3, ‘ತಕ ತಕ ತಕಿಟ’. ಅಭ್ಯಾಸಬಲದಿಂದ ಉದ್ದದ ಪೆಟ್ಟನ್ನು ಮೊದಲಿಗೆ ಇಟ್ಟುಬಿಟ್ಟರೆ ಕುಣಿಯುವವರ ಕಾಲು ಎಡವುತ್ತದೆ. ಏಳನ್ನೂ ಎಣಿಸುವಷ್ಟು ಬಿಡುವು ಆ ವೇಗದಲ್ಲಿ ಇರುವುದಿಲ್ಲ. ಮೂರೇ ಪೆಟ್ಟೆಂದು ತಿಳಿಯಿರಿ: ಗಿಡ್ಡ, ಗಿಡ್ಡ, ಉದ್ದ. ಇಂಥ ಕುಂಟು ನಡೆಯ ಲಯಗಳ ಮೇಲೆ ರೊಮೇನಿಯಾದ ವಿದ್ವಾಂಸ ಕಾನ್‌ಸ್ಟಾಂಟಿನ್ ಬ್ರೈಲೊಯು 1951ರಲ್ಲಿ ಬರೆದ ಲೇಖನ ಈಗಲೂ ಆಧಾರ.

ಕಲೂಶ್ ಕುಣಿತವನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಿ. ಗೆಜ್ಜೆ, ಕೋಲು, ಬೆಳ್ಳುಳ್ಳಿ ಕಟ್ಟಿದ ಬಾವುಟ, ಪ್ರಮಾಣ ಮಾಡಿದ ಗಂಡಸರ ತಂಡ, ಇವೆಲ್ಲ ಸೇರಿದ ವಿಧಿ ಅದು. ಬಲ್ಲ ತಂಡವಿಲ್ಲದೆ ಎರಡು ವಾರದಲ್ಲಿ ಕಲಿತು ಆಡುವ ಐಟಂ ಅಲ್ಲ.

ಧ್ವನಿಹಲಗೆ

ನಾಯ್ ಬಗ್ಗೆ. ಸಾಮಾನ್ಯವಾಗಿ 20 ಕೊಳವೆ, ಬಾಗಿದ ಸಾಲು. ವಾದಕರು ತುಟಿಯ ಕೋನ ಬದಲಿಸಿ, ವಾದ್ಯ ವಾಲಿಸಿ ಅರ್ಧಸ್ವರ ತೆಗೆಯುತ್ತಾರೆ. ಮೈಕನ್ನು ಬಾಯಿಗೆ ನೇರ ಇಟ್ಟರೆ ಸ್ವರಕ್ಕಿಂತ ಉಸಿರೇ ಹೆಚ್ಚು ಕೇಳುತ್ತದೆ. ಸಾಲಿನ ನಡುವಿಗೆ 25–30 ಸೆಂ.ಮೀ. ದೂರದಲ್ಲಿ, ಉಸಿರಿನ ದಾರಿ ತಪ್ಪಿಸಿ ಸ್ವಲ್ಪ ಮೇಲಿನಿಂದ ಇಡಿ. ತೀರಾ ಹತ್ತಿರವಾದರೆ ಎರಡು ತುದಿಯ ಕೊಳವೆಗಳ ದನಿ ಬಿದ್ದುಹೋಗುತ್ತದೆ. ಬಯಲಿನಲ್ಲಿ ಗಾಳಿ ತಡೆಯುವ ಸ್ಪಂಜು ಕಡ್ಡಾಯ. ಕೊಳವೆಗಳ ತಳದಲ್ಲಿ ಶ್ರುತಿಗೆಂದು ಜೇನುಮೇಣ ತುಂಬಿರುತ್ತಾರೆ. ವಾದ್ಯವನ್ನು ಬಿಸಿಲಿನಲ್ಲೋ ಮುಚ್ಚಿದ ಕಾರಿನಲ್ಲೋ ಬಿಟ್ಟರೆ ಅದು ಮೆತ್ತಗಾಗಿ ಶ್ರುತಿ ಹೋಗುತ್ತದೆ.

ತ್ಸಂಬಾಲ್ ದೊಡ್ಡದೋ ಚಿಕ್ಕದೋ ಮೊದಲು ಕೇಳಿ. ಕಾಲುಗಳಿರುವ ದೊಡ್ಡದಕ್ಕೆ ನೂರಕ್ಕೂ ಹೆಚ್ಚು ತಂತಿ. ಎತ್ತಲು ನಾಲ್ವರು, ನೆರಳಿನಲ್ಲಿ ಶ್ರುತಿ ಮಾಡಲು ಮುಕ್ಕಾಲು ಗಂಟೆ ಬೇಕು. 25 ನಿಮಿಷದ ಕಾರ್ಯಕ್ರಮಕ್ಕೆ ಕೊರಳಿಗೆ ಪಟ್ಟಿ ಹಾಕಿಕೊಂಡು ನುಡಿಸುವ ಚಿಕ್ಕದೇ ಸರಿ. ಮೇಲಿನಿಂದ 40 ಸೆಂ.ಮೀ. ದೂರದಲ್ಲಿ ಒಂದು ಮೈಕ್. ವಾದಕರ ಕಡೆಗಿರುವ ಮಾನಿಟರ್ ಸ್ಪೀಕರ್ ಜೋರಾದರೆ ತಂತಿಗಳೇ ಅನುರಣಿಸಿ ಊಳಿಡುತ್ತವೆ.

ಟ್ರಾನ್ಸಿಲ್ವೇನಿಯಾದ ತಂತಿತಂಡ ಬರುವುದಾದರೆ ಇನ್ನೊಂದು. ಅದರಲ್ಲಿ ಬ್ರಾಚ್ ಎಂಬ ಮೂರು ತಂತಿಯ ವಿಯೋಲಾ ಇರುತ್ತದೆ. ತಂತಿಗಳನ್ನು ಹೊರುವ ಕುದುರೆ ಚಪ್ಪಟೆ, ಮೂರೂ ತಂತಿ ಒಂದೇ ಸಲ ನುಡಿಯುತ್ತವೆ. ಪಕ್ಕವಾದ್ಯವೆಂದು ಅದರ ದನಿ ತಗ್ಗಿಸಬೇಡಿ. ಕುಣಿತದ ನಡೆ ಇರುವುದೇ ಅದರಲ್ಲಿ, ಅದು ಕೇಳದಿದ್ದರೆ ಪಿಟೀಲು ಒಂಟಿಯಾಗುತ್ತದೆ.

ಮಳಿಗೆಹೊಣೆ

ಹೋರಾಕ್ಕೆ ಜಾಗ ಎಷ್ಟು ಬೇಕು? ವೇದಿಕೆಯ ಮುಂದೆ 10 × 10 ಮೀಟರ್ ಹುಲ್ಲು ಇದೆ.

ಏಳುಮಾತ್ರೆ

ಕೈ ಹಿಡಿದು ನಿಂತರೆ ಒಬ್ಬರಿಗೆ 80 ಸೆಂ.ಮೀ. 40 ಜನ ಎಂದರೆ 32 ಮೀಟರ್ ಸುತ್ತಳತೆ, ವೃತ್ತದ ಅಡ್ಡಳತೆಯೇ 10 ಮೀಟರ್ ದಾಟುತ್ತದೆ. ಹಿಂದೆ ಸರಿಯುವ ಹೆಜ್ಜೆಗೆ ಜಾಗವೇ ಉಳಿಯುವುದಿಲ್ಲ. 25 ಜನರ ನಂತರ ಒಳಗೆ ಎರಡನೇ ವೃತ್ತ ಮಾಡಿ. ಬಲ್ಲವರು ಆರು ಮಂದಿ ಇದ್ದರೆ ಒಟ್ಟಿಗೆ ನಿಲ್ಲಬಾರದು, ನಾಲ್ಕೈದು ಜನರಿಗೊಬ್ಬರಂತೆ ಹರಡಿಕೊಳ್ಳಬೇಕು. ಕೈಗಳು ಮೊಣಕೈ ಮಡಚಿ ಭುಜದ ಮಟ್ಟದಲ್ಲಿ. ಹೊಸಬರಿಗೆ ಕಲಿಸಲು ಸರಳ ನಡೆ: ಒಳಕ್ಕೆ ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಕಾಲು ತಟ್ಟು, ಹೊರಕ್ಕೆ ಮೂರು, ತಟ್ಟು. ಎರಡು ಸುತ್ತು ಸಂಗೀತವಿಲ್ಲದೆ ಬಾಯಲ್ಲಿ ಎಣಿಸಿ ಮಾಡಿಸಿ. ಭುಜದ ಮೇಲೆ ಕೈಯಿಟ್ಟು ಕುಣಿಯುವ ಸಿರ್ಬಾವನ್ನು ಹೊಸಬರಿಗೆ ಕಲಿಸಲು ಹೋಗಬೇಡಿ, ಒಬ್ಬರು ಬಿದ್ದರೆ ಐದು ಜನ ಬೀಳುತ್ತಾರೆ. ಧ್ವನಿಯ ಕೇಬಲ್ ಹುಲ್ಲನ್ನು ದಾಟದೆ ಅಂಚಿನಿಂದ ಬರಲಿ.

ಸೂಜಿಮೊನೆ

ಕುಣಿಯುವವರ ಉಡುಪಿನ ಬಗ್ಗೆ ಒಂದು ಮಾತು. ಮರಮೂರೆಶ್‌ನ ಟೋಪಿ, ಒಲ್ತೇನಿಯಾದ ಮುಂಗವಚ, ಬುಕೊವಿನಾದ ಕುರಿತೊಗಲಿನ ಅಂಗಿ ಎಲ್ಲವನ್ನೂ ಒಬ್ಬರ ಮೈಮೇಲೆ ಹಾಕಬೇಡಿ. ಒಬ್ಬರು ತೊಟ್ಟದ್ದು ಒಂದೇ ಸೀಮೆಯದ್ದಾಗಿರಲಿ. ಇಡೀ ಉಡುಪು ಇಲ್ಲದಿದ್ದರೆ ಇಯೆಯ ಜೊತೆ ಸಾದಾ ಕಪ್ಪು ಲಂಗ ಮೇಲು.

ಹುರಿದಾರ

ಫಲಕಗಳ ಬರಹ ಯಾರು ಮಾಡುತ್ತಿದ್ದೀರಿ? 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಅಲ್ತಿತ್ಸ ಇರುವ ಕುಪ್ಪಸವನ್ನು ಮಾಡುವ ಕಲೆ. ಅಂಗಡಿಯಲ್ಲಿ ಸಿಗುವ ಪ್ರತಿ ಕುಪ್ಪಸವೂ ಅಲ್ಲ. ಅದು ರೊಮೇನಿಯಾ, ಮಾಲ್ಡೋವಾ ಎರಡರ ಹೆಸರಿನಲ್ಲಿದೆ, ಎರಡನ್ನೂ ಬರೆಯಿರಿ. ಸಂಗೀತದ ಫಲಕದಲ್ಲಿ ಲೌತಾರ್‌ಗಳ ಮಾತು ಬರಬೇಕು. ಮದುವೆ–ಹಬ್ಬಗಳಲ್ಲಿ ಕಸುಬಾಗಿ ನುಡಿಸುತ್ತ ಈ ಸಂಗೀತವನ್ನು ಹೊತ್ತು ತಂದವರಲ್ಲಿ ಹೆಚ್ಚಿನವರು ರೋಮಾ ಸಮುದಾಯದವರು. ಅವರ ಹೆಸರಿಲ್ಲದೆ ಫಲಕ ಪೂರ್ತಿಯಾಗದು. ಕೊರುಂದ್ ಎಂಬ ಊರಿನ ಮಡಕೆ ತಂದರೆ ಅದು ಹಂಗೇರಿಯನ್ ಮಾತಾಡುವ ಸೆಕೆಯ್ ಜನರ ಕಸುಬೆಂದು ಬರೆಯಿರಿ.

ಪ್ರತಿ ವಸ್ತುವಿನ ಪಕ್ಕ ನಾಲ್ಕೇ ಸಾಲು: ಏನು, ಯಾವ ಊರು, ಯಾವ ಹೊತ್ತಿನದು, ಮಾಡಿದವರು ಯಾರು. ಹೆಸರು ಹಾಕಲು ಮಾಡಿದವರ ಒಪ್ಪಿಗೆ ಮೊದಲೇ ಕೇಳಿ.

ಮಳಿಗೆಹೊಣೆ

ಹಾಗಾದರೆ ಹೀಗೆ: ಇಯೆ ಹೊಲಿಗೆಗೆ ಆರು ಕುರ್ಚಿ, ಮಕ್ಕಳಿಗೆ ಹುರಿ ಮತ್ತು ಹೂದಂಡೆ ಒಂದೇ ಮೇಜಿನಲ್ಲಿ, ಒಳಮೂಲೆಯಲ್ಲಿ ತಟ್ಟೆಯ ಬಣ್ಣದ ಪ್ರದರ್ಶನ ಗಂಟೆಗೊಮ್ಮೆ. ಮೊಟ್ಟೆ ಮತ್ತು ಗಾಜಿನ ಚಿತ್ರ ನೋಡಲಿಕ್ಕೆ ಮಾತ್ರ. ಚಿಕ್ಕ ತ್ಸಂಬಾಲ್. ಹೋರಾಕ್ಕೆ ಎರಡು ವೃತ್ತ. ಬಟ್ಟೆ 40 ತುಂಡು ಸಾಕೇ?

ಸೂಜಿಮೊನೆ

ಆರು ಕುರ್ಚಿ, ಅರ್ಧ ಗಂಟೆಗೊಂದು ತಂಡ, ಆರು ತಾಸು ಎಂದರೆ 72 ಜನ. 80 ತುಂಡು ಕತ್ತರಿಸಿ. ಅಂಚಿಗೆ ಮೊದಲೇ ಅಂಟು ಸವರಿ ಒಣಗಿಸಿ, ಇಲ್ಲದಿದ್ದರೆ ಹೊಲಿಯುತ್ತಿರುವಾಗಲೇ ಎಳೆ ಬಿಚ್ಚಿಕೊಳ್ಳುತ್ತದೆ. ಸೂಜಿ 20 ಇರಲಿ. ಕೊಟ್ಟದ್ದನ್ನು ಎಣಿಸಿ ವಾಪಸು ತೆಗೆದುಕೊಳ್ಳಿ, ಹುಲ್ಲಿನಲ್ಲಿ ಬರಿಗಾಲಿನ ಮಕ್ಕಳಿರುತ್ತಾರೆ.